ಡಬ್ಬಿ ಹುಡುಕುವ ಕೋಣೆ

ಬಸ್ ಡಿಪೋದ ಹಿಂಭಾಗದಲ್ಲಿ, ಗಾಡಿ ತೊಳೆಯುವ ಕಟ್ಟೆಗೆ ಅಂಟಿಕೊಂಡ ಹಾಗೆ ಒಂದು ಕೋಣೆ ಇದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದದ್ದೆಲ್ಲ ಬಂದು ಸೇರುವುದು ಅಲ್ಲಿಗೆ. ಕೊಡೆ, ಕನ್ನಡಕ, ಒಂಟಿ ಚಪ್ಪಲಿ, ಮಗುವಿನ ಕಾಲುಚೀಲ. ಒಂದು ಸಲ ಹಲ್ಲಿನ ಸೆಟ್ಟೂ ಬಂದಿತ್ತು. ಯಾರೂ ಕೇಳಿಕೊಂಡು ಬರಲಿಲ್ಲ. ಬಂದರೂ ಏನಂತ ಬಾಯಿಬಿಟ್ಟು ಕೇಳುತ್ತಾರೆ ಪಾಪ! ಎಲ್ಲಕ್ಕಿಂತ ಹೆಚ್ಚಾಗಿ ಬರುತ್ತಿದ್ದದ್ದು ಊಟದ ಡಬ್ಬಿಗಳು. ತೊಳೆದು, ಒರೆಸಿ, ಮೂರು ಹಲಗೆಗಳ ಮೇಲೆ ಸಾಲಾಗಿ ಜೋಡಿಸಿದ ಸ್ಟೀಲ್ ಡಬ್ಬಿಗಳು ಮಧ್ಯಾಹ್ನದ ಬಿಸಿಲಿಗೆ ಪಾತ್ರೆ ಅಂಗಡಿಯಂತೆ ಮಿನುಗುತ್ತಿದ್ದವು.

ಆ ಕೋಣೆಯ ಯಜಮಾನಿಗೆ ಡಿಪೋದವರು ಇಟ್ಟ ಹೆಸರು ಹೋಲ್ಡಾನಕ್ಕ. ಇಪ್ಪತ್ತೆರಡು ವರ್ಷ ಕಂಡಕ್ಟರ್ ಆಗಿದ್ದವಳು. ಅವಳು ಹಿಂಬಾಗಿಲಲ್ಲಿ ನಿಂತು "ಹೋಲ್ಡಾನ್!" ಎಂದು ಕೂಗಿದರೆ ತನ್ನ ಬಸ್ಸಷ್ಟೇ ಅಲ್ಲ, ಪಕ್ಕದ ಬಸ್ಸೂ ನಿಲ್ಲುತ್ತಿತ್ತಂತೆ. ಮೂರು ವರ್ಷದ ಕೆಳಗೆ ಬಸ್ಸು ಗಕ್ಕನೆ ನಿಂತು, ಅವಳು ಮೆಟ್ಟಿಲಿನಿಂದ ಉರುಳಿ, ಬಲಮಂಡಿ ಮುರಿದುಕೊಂಡಳು. ಕಂದು ಬಣ್ಣದ ನಾಯಿಯೊಂದು ಅಡ್ಡ ಬಂತು ಎಂದು ಫೈಲಿನಲ್ಲಿದೆ. ಆಮೇಲೆ ನಿಂತು ಮಾಡುವ ಕೆಲಸ ಆಗದೆಂದು ಡಾಕ್ಟರು ಬರೆದುಕೊಟ್ಟರು. ಮ್ಯಾನೇಜರು ಈ ಕೋಣೆಯ ಕೀಲಿಕೈ ಕೊಟ್ಟು, "ಆರಾಮಾಗಿ ಕೂತ್ಕೊಳ್ಳಿ ಮೇಡಂ" ಅಂದರು.

ಕೂತದ್ದು ಒಂದೇ ವರ್ಷ. ಅಷ್ಟರಲ್ಲಿ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಡ್ರೈವರುಗಳಲ್ಲಿ ಕುಡಿತ ಹೆಚ್ಚಾಗಿದೆ, ಮನೆ ಜಗಳ ಹೆಚ್ಚಾಗಿದೆ, ಪ್ರತಿ ಡಿಪೋದಲ್ಲೂ ಒಂದು ಆಪ್ತ ಸಲಹಾ ಕೇಂದ್ರ ತೆರೆಯತಕ್ಕದ್ದು, ಒಬ್ಬ ನೌಕರರನ್ನು ತರಬೇತಿಗೆ ಕಳಿಸತಕ್ಕದ್ದು. ಮ್ಯಾನೇಜರು ಡಿಪೋದಲ್ಲೆಲ್ಲ ಕಣ್ಣಾಡಿಸಿದರು. ಎಲ್ಲರೂ ನಿಂತಿದ್ದರು, ಇವಳೊಬ್ಬಳು ಕೂತಿದ್ದಳು. ಅಲ್ಲಿಗೆ ಆಯ್ಕೆ ಮುಗಿಯಿತು.

ಮೂರು ವಾರದ ತರಬೇತಿಯಲ್ಲಿ ಅವಳಿಗೆ ಕಷ್ಟವಾದದ್ದು ಒಂದೇ: ಬಾಯಿ ಮುಚ್ಚಿಕೊಂಡಿರುವುದು. "ಬುದ್ಧಿ ಹೇಳಬೇಡಿ, ಕೇಳಿಸಿಕೊಳ್ಳಿ. ಅವರ ಮಾತನ್ನ ನೀವು ಆಡಿಬಿಡಬೇಡಿ" ಎಂದು ಕಲಿಸುವಾಕೆ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು. ಇವಳೋ, ಇಪ್ಪತ್ತೆರಡು ವರ್ಷ ಜನರಿಗೆ 'ಮುಂದೆ ಹೋಗಿ, ಮುಂದೆ ಹೋಗಿ' ಎಂದು ಹೇಳುತ್ತ ಬಂದವಳು. ಯಾರಾದರೂ ಮಾತಿನ ಮಧ್ಯೆ ಸ್ವಲ್ಪ ತಡವರಿಸಿದರೆ ಸಾಕು, ಕೈ ತನ್ನಷ್ಟಕ್ಕೆ ಮೇಲೆದ್ದು ಬೆನ್ನು ತಳ್ಳುವಂತೆ ಆಡುತ್ತಿತ್ತು. ಮನೆಯಲ್ಲಿ ಬಾಣಂತಿ ಮಗಳು ನಗುತ್ತಿದ್ದಳು. "ಅಮ್ಮಾ, ಮಗು ಅತ್ರೆ ಏನ್ಮಾಡ್ತೀಯ? ಬುದ್ಧಿ ಹೇಳ್ತೀಯಾ? ಎತ್ಕೊಂಡು ಸುಮ್ನೆ ಓಡಾಡ್ತೀಯ ತಾನೆ? ಇವ್ರಿಗೂ ಹಂಗೇ ಮಾಡು."

"ಸರಿ ಹೇಳ್ದೆ. ಎಂಬತ್ತು ಕೇಜಿ ಡ್ರೈವರ್‌ನ ಈ ಮಂಡಿಲಿ ಎತ್ಕೊಂಡು ಓಡಾಡ್ತೀನಿ" ಅಂದಳು ಹೋಲ್ಡಾನಕ್ಕ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು.

ಮ್ಯಾನೇಜರ ಕೋಣೆಯ ಪಕ್ಕದಲ್ಲೇ ಹೊಸ ಕೋಣೆ ಸಿದ್ಧವಾಯಿತು. ಗಾಜಿನ ಬಾಗಿಲು, ನೀಲಿ ಬೋರ್ಡು, ಎರಡು ಮೆತ್ತನೆಯ ಕುರ್ಚಿ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು. ಡ್ಯೂಟಿ ಪಟ್ಟಿ ನೋಡಲು ಬರುವವರೆಲ್ಲ ಅದರ ಎದುರೇ ನಿಲ್ಲಬೇಕು. ಹೀಗಿರುವಾಗ ಯಾವ ಗಂಡಸು ಒಳಗೆ ಕಾಲಿಟ್ಟಾನು? ಮೂರು ತಿಂಗಳು ಹೂವಿನ ಧೂಳು ಒರೆಸಿದ್ದೇ ಬಂತು. ಒಬ್ಬನೇ ಒಬ್ಬ ಬಂದಿದ್ದ, ಟೈಮ್ ಎಷ್ಟು ಅಂತ ಕೇಳಲು.

ಮೊದಲು ಬಾಯಿಬಿಟ್ಟವನು ಮೆಕ್ಯಾನಿಕ್. ಅವನ ಅಡ್ಡಹೆಸರು ಸ್ಪ್ಯಾನರ್. ಅವನು ಬಂದದ್ದು ಗಾಜಿನ ಕೋಣೆಗಲ್ಲ, ಹಿಂದಿನ ಕೋಣೆಗೆ. ನಿಜವಾಗಿಯೂ ಡಬ್ಬಿ ಕಳೆದುಕೊಂಡಿದ್ದ.

"ಯಾವ ತರದ್ದು?" ಎಂದು ಕೇಳಿ ಅವಳು ಹಲಗೆಯಿಂದ ಒಂದೊಂದೇ ಡಬ್ಬಿ ಇಳಿಸತೊಡಗಿದಳು. ಅವನು ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ, ಇದಲ್ಲ, ಇದೂ ಅಲ್ಲ ಎನ್ನುತ್ತ, ಏಳನೆಯ ಡಬ್ಬಿಯ ಹೊತ್ತಿಗೆ ತಲೆ ಎತ್ತದೆಯೇ ಹೇಳಿದ: "ಅದನ್ನ ದಿನಾ ಕಟ್ಟಿಕೊಡ್ತಿದ್ದೋಳು ಮಗಳು ಅಕ್ಕ. ನನ್ನ ಹತ್ರ ಮಾತು ಬಿಟ್ಟು ಎರಡು ತಿಂಗಳಾಯ್ತು. ಡಬ್ಬಿ ಮಾತ್ರ ಕಟ್ಟಿಡ್ತಾಳೆ." ಒಂದು ಗಂಟೆ ಮಾತಾಡಿದ. ಅವಳು ಡಬ್ಬಿ ಇಳಿಸಿದಳು, ಒರೆಸಿದಳು, ಮತ್ತೆ ಇಟ್ಟಳು, ಅಷ್ಟೇ. ಹೋಗುವಾಗ ಅವನೇ ಹೇಳಿದ: "ಗುರುವಾರ ಇನ್ನೊಂದ್ಸಲ ಬಂದು ಹುಡುಕ್ತೀನಿ."

ಕೈಗೆ ಕೆಲಸ ಇದ್ದರೆ, ಕಣ್ಣಿಗೆ ಕಣ್ಣು ಸಿಗದಿದ್ದರೆ, ಗಂಡಸಿನ ಮಾತು ಹೊರಗೆ ಬರುತ್ತದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಗಾಜಿನ ಕೋಣೆಗೆ ಬೀಗ ಜಡಿದು ಹಿಂದಕ್ಕೆ ಬಂದು ಕೂತಳು. ಸುದ್ದಿ ಹೇಗೆ ಹರಡಿತೋ, ಒಬ್ಬೊಬ್ಬರೇ ಬರತೊಡಗಿದರು. "ಅಕ್ಕ, ಒಂದು ಡಬ್ಬಿ ಕಳೆದಿದೆ." "ಬಾ, ಕೂತ್ಕೊ, ಹುಡುಕೋಣ." ಹೆಂಡತಿಯ ಮೇಲೆ ಕೈಮಾಡಿ ಬಂದವನು, ಇಸ್ಪೀಟು ಬಿಡಲಾಗದವನು, ಬಸ್ಸಿಗೆ ಅಡ್ಡ ಬಂದ ಮುದುಕನೊಬ್ಬನ ಮುಖ ಇನ್ನೂ ಕನಸಿನಲ್ಲಿ ಬರುತ್ತದೆ ಎಂದವನು, ಎಲ್ಲರೂ ಬಂದದ್ದು ಡಬ್ಬಿ ಹುಡುಕಲು. ಕೆಲವರನ್ನು ಅವಳು ಆಸ್ಪತ್ರೆಗೆ ಕಳಿಸಿದಳು, ಕೆಲವರ ಮನೆಗೆ ತಾನೇ ಹೋಗಿ ಬಂದಳು. ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದು ಮಾತ್ರ 'ಊಟದ ಡಬ್ಬಿ, ಸಿಕ್ಕಿಲ್ಲ'.

"ಏನು ಮೇಡಂ, ನಮ್ಮೋರು ತಿಂಗಳಿಗೆ ಇಪ್ಪತ್ತು ಡಬ್ಬಿ ಕಳೀತಾರಾ?" ಎಂದು ಮ್ಯಾನೇಜರು ರಿಜಿಸ್ಟರು ತಿರುವಿ ಹುಬ್ಬೇರಿಸಿದ್ದರು.

"ಹೊಟ್ಟೆ ತುಂಬಿದ ಮೇಲೆ ಡಬ್ಬಿ ಯಾರಿಗೆ ನೆನಪಿರುತ್ತೆ ಸಾರ್" ಅಂದಿದ್ದಳು ಇವಳು. ಅವರು ಅವಳ ಮುಖ ನೋಡಿ, ಸಹಿ ಹಾಕಿ ಹೋಗಿದ್ದರು. ಅರ್ಥವಾಗದ ಮನುಷ್ಯನೇನಲ್ಲ ಅವರು.

ಹೀಗೆ ನಡೆಯುತ್ತಿರುವಾಗ ಒಂದು ದಿನ ಮಧ್ಯಾಹ್ನ ಎರಡೂವರೆಗೆ ಹಾಲಣ್ಣ ಬಂದ.

ಹಾಲಣ್ಣ ಎನ್ನುವುದು ಅವನಿಗೆ ಪ್ರಯಾಣಿಕರು ಇಟ್ಟ ಹೆಸರು. ಅವನ ಬಸ್ಸಿನಲ್ಲಿ ಕಂಠಮಟ್ಟ ತುಂಬಿದ ಹಾಲಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರೂ ಹನಿ ಚೆಲ್ಲುವುದಿಲ್ಲ ಎನ್ನುವ ಮೆಚ್ಚುಗೆಗೆ. ಹೋಲ್ಡಾನಕ್ಕ ಒಂಬತ್ತು ವರ್ಷ ಅವನ ಬಸ್ಸಿನಲ್ಲೇ ಕಂಡಕ್ಟರ್ ಆಗಿದ್ದಳು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ ಇಬ್ಬರೂ. ಅವನು ಬಾಯಿಲ್ಲದವನು, ಅವನ ಪಾಲಿನ ಜಗಳವನ್ನೂ ಇವಳೇ ಆಡುತ್ತಿದ್ದಳು. ರಜೆ ಬೇಕಾದರೆ ಅವನ ಪರವಾಗಿ ಇವಳು ಕೇಳಬೇಕು, ಚಹಾದಲ್ಲಿ ಸಕ್ಕರೆ ಕಡಿಮೆಯಾದರೆ ಇವಳು ಗದರಬೇಕು. ಅವನ ಹೆಂಡತಿ ಇವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದಳು. "ಅತ್ತಿಗೆ, ಮನೇಲಿ ಇವ್ರ ಬಾಯಿಂದ ಮಾತು ಬರಬೇಕಾದ್ರೂ ನೀವೇ ಬಂದು ಟಿಕೆಟ್ ಹರೀಬೇಕು" ಎಂದು ನಗುತ್ತಿದ್ದಳು.

ಇವಳ ಮಂಡಿ ಮುರಿದ ದಿನ ಆ ಬಸ್ಸು ಓಡಿಸುತ್ತಿದ್ದವನೂ ಹಾಲಣ್ಣನೇ.

ಅವತ್ತು ನಾಯಿ ಇರಲಿಲ್ಲ. ಕಂದೂ ಇಲ್ಲ, ಬಿಳಿಯೂ ಇಲ್ಲ. ಖಾಲಿ ರಸ್ತೆ. ಹಿಂದಿನ ದಿನ ಕುಡಿದದ್ದು ಇಳಿಯದೆ ಅವನಿಗೆ ಜೊಂಪು ಹತ್ತಿತ್ತು. ಬೆಚ್ಚಿ ಎಚ್ಚರಾಗಿ ಬ್ರೇಕ್ ತುಳಿದ. ವಿಚಾರಣೆಗೆ ಬಂದ ಅಧಿಕಾರಿ ಆಸ್ಪತ್ರೆಯ ಮಂಚದ ಪಕ್ಕ ಕೂತು ಏನಾಯ್ತು ಎಂದು ಕೇಳಿದಾಗ, ಹಾಲಣ್ಣ ಬಾಯಿ ತೆರೆಯುವ ಮೊದಲೇ ಇವಳು ಹೇಳಿದ್ದಳು, "ನಾಯಿ ಸಾರ್, ಕಂದು ನಾಯಿ. ಒಂದು ಕಿವಿ ಹರಿದಿತ್ತು." ಕಿವಿಯನ್ನು ಯಾಕೆ ಸೇರಿಸಿದಳೋ ಅವಳಿಗೇ ಗೊತ್ತಿಲ್ಲ. ಹೇಳಿಕೆಗೆ ಸಹಿ ಬಿತ್ತು. ಹಾಲಣ್ಣ ಮಂಚದ ಕಾಲಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಇಬ್ಬರೂ ಎಲ್ಲಿ ಎದುರಾದರೂ ಮಳೆ, ಬಿಸಿಲು, ಮೊಮ್ಮಗು ಅಂತ ನಾಲ್ಕು ಮಾತಾಡಿ ಜಾರಿಕೊಳ್ಳುತ್ತಿದ್ದರು.

ಆ ಹಾಲಣ್ಣ ಈಗ ಬಾಗಿಲಲ್ಲಿ ನಿಂತು, ಖಾಕಿ ಅಂಗಿಯ ಜೇಬಿನಲ್ಲಿ ಕೈಯಿಟ್ಟುಕೊಂಡು, "ಅಕ್ಕ, ಒಂದು ಡಬ್ಬಿ ಕಳೆದಿದೆ" ಅಂದ.

ಕೂತ್ಕೊ, ಹುಡುಕೋಣ ಎನ್ನುವ ಮಾತು ಎಲ್ಲರಿಗೂ ಸಲೀಸಾಗಿ ಬರುತ್ತಿದ್ದದ್ದು ಇವನ ಮುಂದೆ ಬರಲಿಲ್ಲ. ಇವನು ಕೂತರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳು ಎದ್ದು, ಮೊದಲ ಹಲಗೆಯಲ್ಲಿ ಕೈಗೆ ಸಿಕ್ಕ ಡಬ್ಬಿಯನ್ನು ತೆಗೆದು, "ಇಗೋ, ಇದೇ ಇರ್ಬೇಕು ನೋಡು, ನಿಂದೂ ಎರಡು ಬಟ್ಟಲಿಂದೇ ಅಲ್ವಾ?" ಎಂದು ಅವನ ಕೈಗೆ ತುರುಕಿದಳು.

ಅವನು ಜೇಬಿನಿಂದ ಕೈ ತೆಗೆದ. ತೆಗೆದುಕೊಳ್ಳುವಾಗ ಡಬ್ಬಿಯ ಮುಚ್ಚಳ ಟಕಟಕ ಸದ್ದು ಮಾಡಿತು. ಕೈ ಅಷ್ಟು ನಡುಗುತ್ತಿತ್ತು. ಅವಳು ನೋಡಿದಳು. ನೋಡಿಯೂ, ರಿಜಿಸ್ಟರಿನ ಕಡೆ ತಿರುಗಿ ಪೆನ್ನಿನ ಮುಚ್ಚಳ ತೆಗೆದಳು.

"ಮನೇಲಿ ಎಲ್ಲಾ ಆರಾಮಾ?"

"ಹ್ಞೂಂ ಅಕ್ಕ." ಬಾಗಿಲ ಕಡೆ ತಿರುಗಿದ. "ಎರಡು ನಲವತ್ತರ ಗಾಡಿ. ಬರ್ತೀನಿ."

'ಊಟದ ಡಬ್ಬಿ' ಎಂದು ಬರೆದು, ಮುಂದಿನ ಕಾಲಮ್ಮಿನಲ್ಲಿ 'ಸಿಕ್ಕಿದೆ' ಎಂದು ಬರೆಯುವಾಗ ಅವಳ ಪೆನ್ನು ನಿಂತಿತು. ಎರಡು ವರ್ಷದ ರಿಜಿಸ್ಟರಿನಲ್ಲಿ ತಮ್ಮವರ ಡಬ್ಬಿಗೆ ಆ ಪದ ಬಿದ್ದದ್ದು ಅದೇ ಮೊದಲು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ. ಡಿಪೋದ ಅರ್ಧ ಜನರ ಗುಟ್ಟು ಕೇಳಿಸಿಕೊಂಡವಳು, ತನ್ನವನೊಬ್ಬ ಬಂದಾಗ ಕೈಗೆ ಡಬ್ಬಿ ಕೊಟ್ಟು ಸಾಗಹಾಕಿದ್ದಳು. ಮುಂದೆ ಹೋಗಿ, ಮುಂದೆ ಹೋಗಿ.

ಕಿಟಕಿಯಿಂದ ನೋಡಿದಳು. ತೊಳೆಯುವ ಕಟ್ಟೆಯ ಮೇಲೆ ಡಬ್ಬಿ ಕೂತಿತ್ತು. ಅವನು ತೆಗೆದುಕೊಂಡು ಹೋಗಿರಲಿಲ್ಲ.

ಕೋಲು ಹಿಡಿದು ಅವಳು ಹೊರಟಳು. ಡಿಪೋದ ಅಂಗಳ ದೊಡ್ಡದು, ಎಣ್ಣೆ ಬಿದ್ದು ಜಾರುವಂಥದ್ದು. ಟೈರ್ ಗುಡ್ಡೆ ದಾಟುವಾಗ ಸ್ಪ್ಯಾನರ್ ಎದುರಾಗಿ, "ಅಕ್ಕ, ಈ ಸ್ಪೀಡಿಗೆ ಲೈಸೆನ್ಸ್ ಇದೆಯಾ?" ಅಂದ. ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿ ಅವಳ ಹಿಂದೆ ಹೊರಟ.

ಗೇಟಿನಲ್ಲಿ ಪ್ರತಿ ಡ್ರೈವರೂ ಮಿಷನ್ನಿಗೆ ಬಾಯಿ ಊದಿ ಹೋಗಬೇಕು. ಹಾಲಣ್ಣ ಊದಿದ್ದ, ಸೊನ್ನೆ ಬಂದಿತ್ತು, ದಾರಿ ಬಿಟ್ಟಿದ್ದರು. ಮಿಷನ್ನಿಗೆ ಬಾಯಿಯ ವಾಸನೆ ಗೊತ್ತಾಗುತ್ತದೆ, ಕೈಯ ನಡುಕ ಗೊತ್ತಾಗುವುದಿಲ್ಲ. ಕುಡಿತಕ್ಕೆ ಬಿದ್ದವನ ಕೈ ಕುಡಿಯದಿದ್ದಾಗಲೇ ಹೆಚ್ಚು ನಡುಗುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಆ ನಡುಕ ನಿಲ್ಲಿಸಲು ಅವನು ಏನು ಮಾಡುತ್ತಾನೆ, ಎಷ್ಟನೆಯ ನಿಲ್ದಾಣದಲ್ಲಿ ಮಾಡುತ್ತಾನೆ ಎಂದು ಊಹಿಸಲು ತರಬೇತಿ ಬೇಕಿರಲಿಲ್ಲ. ಬಸ್ಸಿನಲ್ಲಿ ಆಗಲೇ ಡಿಪೋದ ಪಕ್ಕದ ಮನೆಗಳ ಹೆಂಗಸರು, ಶಾಲೆ ಮುಗಿಸಿಕೊಂಡು ಬಂದ ಮಕ್ಕಳು ಕೂತಿದ್ದರು.

ಇನ್ನೊಂದು ವಿಷಯವೂ ಅವಳ ತಲೆಯಲ್ಲಿ ಓಡುತ್ತಿತ್ತು. ಗೇಟಿನ ನೆಲಕ್ಕೆ ಅಡ್ಡಲಾಗಿ ಒಂದು ಹಳದಿ ಗೆರೆಯಿದೆ. ಗೆರೆ ದಾಟುವ ಮೊದಲು ಡ್ರೈವರು ತಾನಾಗಿ 'ನನಗೆ ಆಗುತ್ತಿಲ್ಲ' ಎಂದರೆ ಅವನಿಗೆ ಚಿಕಿತ್ಸೆ, ರಜೆ, ನೌಕರಿಗೆ ಕುತ್ತಿಲ್ಲ. ಸುತ್ತೋಲೆಯಲ್ಲಿ ಅವಳಿಗೆ ಪ್ರೀತಿಯಾದ ಸಾಲು ಅದೊಂದೇ. ದಾಟಿದ ಮೇಲೆ ಸಿಕ್ಕಿಬಿದ್ದರೆ ಮನೆಗೆ. ಗೆರೆಯ ಈಚೆ ರೋಗಿ, ಆಚೆ ಅಪರಾಧಿ.

ಬಸ್ಸು ಹೊರಟೇಬಿಟ್ಟಿತ್ತು. ಮುಂದಿನ ಚಕ್ರಕ್ಕೂ ಗೆರೆಗೂ ನಾಲ್ಕು ಮಾರು ದೂರವಿರಬಹುದು. ಅವಳಿಗೂ ಬಸ್ಸಿಗೂ ಅರ್ಧ ಅಂಗಳ.

"ಹೋಲ್ಡಾನ್!"

ಮೂರು ವರ್ಷ ಬಾಯಿಗೆ ಬಾರದ ಕೂಗು. ಒಂಬತ್ತು ವರ್ಷ ಆ ಕೂಗನ್ನು ಅವನ ಕಿವಿಗಿಂತ ಮೊದಲು ಕಾಲು ಕೇಳಿಸಿಕೊಂಡಿತ್ತು. ಈಗಲೂ ಹಾಗೇ ಆಯಿತು. ಬಸ್ಸು ಗಕ್ಕನೆ ನಿಲ್ಲಲಿಲ್ಲ. ಹಾಲು ಚೆಲ್ಲದ ಹಾಗೆ ಮೆತ್ತಗೆ, ಗೆರೆಗೆ ಒಂದು ಗೇಣು ಈಚೆ ನಿಂತಿತು. ತೊಳೆಯುವ ಕಟ್ಟೆಯ ಮೇಲೆ ಹಿಂದಕ್ಕೆ ಸರಿಯುತ್ತಿದ್ದ ಇನ್ನೊಂದು ಬಸ್ಸೂ ನಿಂತಿತು.

ಕೂಗು ಕೇಳಿ ಮ್ಯಾನೇಜರು ಹೊರಬಂದರು. ಹಾಲಣ್ಣ ಕೆಳಗಿಳಿದು ಬಸ್ಸಿಗೆ ಒರಗಿ ನಿಂತಿದ್ದ.

"ಏನಾಯ್ತು ಮೇಡಂ? ಗಾಡಿ ಯಾಕೆ ನಿಲ್ಲಿಸಿದ್ರಿ?"

ಹೋಲ್ಡಾನಕ್ಕನ ನಾಲಿಗೆಯ ತುದಿಗೆ ಆಗಲೇ ಉತ್ತರ ಬಂದು ಕೂತಿತ್ತು. ಒಂದಲ್ಲ, ಮೂರು. ಹಿಂದಿನ ಟೈರಿನಲ್ಲಿ ಗಾಳಿ ಕಮ್ಮಿ ಇದೆ ಸಾರ್. ಇವನಿಗೆ ಜ್ವರ ಸಾರ್. ಇವನ ಹೆಂಡತಿ ಫೋನ್ ಮಾಡಿದ್ಲು ಸಾರ್. ಯಾವುದನ್ನು ಹೇಳಿದ್ದರೂ ನಂಬುತ್ತಿದ್ದರು. ಬೇಕಿದ್ದರೆ ಒಂದು ಕಿವಿ ಹರಿದ ನಾಯಿಯನ್ನೂ ಕರೆತರಬಹುದಿತ್ತು. ನಿಜವನ್ನೇ ಹೇಳಬಹುದಿತ್ತು ಕೂಡ. ಆದರೆ ಅದನ್ನೂ ಇವಳೇ ಹೇಳಿದರೆ ಅದು ಚಾಡಿ, ಅವನ ಮಾತಲ್ಲ. ಗೆರೆಯ ಈಚೆ ನಿಂತು ಹೇಳಬೇಕಾದವನು ಅವನು.

ಅವಳು ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ತುಟಿ ಕಚ್ಚಿ, ಸುಮ್ಮನೆ ನಿಂತಳು.

"ಮೇಡಂ, ನಿಮ್ಮನ್ನೇ ಕೇಳ್ತಿರೋದು."

ಅವಳು ಹಾಲಣ್ಣನ ಮುಖವನ್ನೂ ನೋಡಲಿಲ್ಲ, ಅವನ ಹಸಿರು ಬಸ್ಸಿನ ಚಕ್ರವನ್ನು ನೋಡಿದಳು. ಬಸ್ಸಿನೊಳಗಿಂದ ಒಬ್ಬಾಕೆ, "ಏನ್ ಅಣ್ಣಾ, ಹೋಗುತ್ತೋ ಇಲ್ಲಾ ಇಳಿಯೋಣ್ವೋ?" ಎಂದು ಕೂಗಿದಳು. ಯಾರೋ ನಕ್ಕರು. ಮಂಡಿ ಕಿತ್ತು ಬರುವ ಹಾಗೆ ನೋಯುತ್ತಿತ್ತು. ತೊಟ್ಟಿಲ ಮಗು ಅಳು ನಿಲ್ಲಿಸುವ ಮುಂಚೆ ಒಂದು ಉಸಿರು ಒಳಗೆಳೆದುಕೊಳ್ಳುತ್ತದಲ್ಲ, ಅಂಥದೊಂದು ಉಸಿರು ಪಕ್ಕದಲ್ಲಿ ಕೇಳಿಸಿತು.

"ಸಾರ್," ಹಾಲಣ್ಣ ಅಂದ. "ಇವತ್ತು ಗಾಡಿ ಬಿಡೋಕೆ ನನ್ನ ಕೈಲಿ ಆಗಲ್ಲ." ಎರಡೂ ಕೈ ಮುಂದೆ ಚಾಚಿ ತೋರಿಸಿದ. ಬೆರಳುಗಳು ಎಲೆಗಳ ಹಾಗೆ ಅಲುಗುತ್ತಿದ್ದವು. "ನಿನ್ನೆಯಿಂದ ಕುಡಿದಿಲ್ಲ. ಬಿಡೋಣ ಅಂತ ನೋಡ್ದೆ. ಆಗ್ತಿಲ್ಲ. ಬ್ಯಾಗಲ್ಲಿ ಬಾಟ್ಲಿ ಇದೆ, ಕೊನೇ ಸ್ಟಾಪಲ್ಲಿ ಕುಡೀಬೇಕು ಅಂತಿದ್ದೆ."

ಹತ್ತು ವರ್ಷದಲ್ಲಿ ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಡಿಪೋದಲ್ಲಿ ಯಾರೂ ಕೇಳಿರಲಿಲ್ಲ.

ಮ್ಯಾನೇಜರು ಅವನ ಕೈ ನೋಡಿದರು, ಚಕ್ರ ನೋಡಿದರು, ಹಳದಿ ಗೆರೆ ನೋಡಿದರು. "ಸರಿ," ಅಂದರು. "ಇನ್ನೂ ಒಳಗೇ ಇದ್ದೀರ. ಸ್ಪ್ಯಾನರ್, ಗಾಡಿ ಪಕ್ಕಕ್ಕೆ ಹಾಕು. ಬೇರೆ ಡ್ರೈವರ್ ಕರೀರಿ." ನಂತರ ಸ್ವಲ್ಪ ಮೆಲ್ಲಗೆ ಸೇರಿಸಿದರು, "ಇವ್ರನ್ನ ಕರ್ಕೊಂಡು ಹೋಗಿ ಮೇಡಂ. ಡಬ್ಬಿ ಹುಡುಕಿಕೊಡಿ."

ಹಿಂದಿನ ಕೋಣೆಯಲ್ಲಿ ಅವನು ಬೆಂಚಿನ ಮೇಲೆ ಕೂತ. ಅವಳು ಹಲಗೆಯಿಂದ ಡಬ್ಬಿಗಳನ್ನು ಇಳಿಸಲಿಲ್ಲ, ಮಂಡಿ ಕೇಳಲಿಲ್ಲ. ಎದುರಿಗೇ ಕೂತಳು.

"ಅಕ್ಕ, ಅವತ್ತು ನಾಯಿ ಇರಲಿಲ್ಲ."

"ಇರಲಿಲ್ಲ ಕಣೋ."

"ನೀನು ಹಂಗೆ ಹೇಳಿದ ದಿನಾನೇ ನಾನು ಹೇಳಿಬಿಟ್ಟಿದ್ರೆ... ಆಮೇಲೆ ನಿನ್ನ ಮಂಡಿ ನೆನಪಾದಾಗೆಲ್ಲ ಕುಡಿದೆ. ಕುಡಿಯೋಕೆ ನಿನ್ನ ಮಂಡಿ ನೆಪ ಆಯ್ತು. ಯಾವುದು ಯಾವುದಕ್ಕೆ ಅಂತ ಈಗ ನಂಗೇ ಗೊತ್ತಾಗಲ್ಲ."

"ನಾನು ನಿನ್ನ ಉಳಿಸ್ತಿದೀನಿ ಅಂದ್ಕೊಂಡೆ" ಅಂದಳು ಅವಳು. ಅವನು ಅಳುತ್ತಿದ್ದ. ತೊಳೆಯುವ ಕಟ್ಟೆಯಲ್ಲಿ ನೀರು ಬಿಟ್ಟಿದ್ದರಿಂದ ಆ ಸದ್ದು ಹೊರಗೆ ಯಾರಿಗೂ ಕೇಳಿಸಲಿಲ್ಲ.

ಸಂಜೆ ಅವಳೇ ಫೋನ್ ಮಾಡಿ ಅವನ ಹೆಂಡತಿಯನ್ನು ಕರೆಸಿದಳು. "ಅತ್ತಿಗೆ, ಅವ್ರೇ ಹೇಳಿದ್ರಾ? ಅವ್ರ ಬಾಯಿಂದಾನೇ?" ಎಂದು ಆಕೆ ಮೂರು ಸಲ ಕೇಳಿದಳು. ಮೂರೂ ಸಲ ಹೌದು ಎಂದಾದ ಮೇಲೆ ಬೆಂಚಿನ ಮೇಲೆ ಗಂಡನ ಪಕ್ಕ ಕೂತು, ಅವನ ಕಾಲರಿನ ಮಣ್ಣು ಕೊಡವಿದಳು.

ಮಾರನೆಯ ದಿನ ಹೋಲ್ಡಾನಕ್ಕ ಒಂದು ಬಿಳಿ ಹಾಳೆಯ ಮೇಲೆ, ಮೂರು ವರ್ಷದ ಹಿಂದೆ ತಾನು ಕೊಟ್ಟ ಹೇಳಿಕೆ ಸುಳ್ಳು ಎಂದು ಬರೆದು ಮ್ಯಾನೇಜರಿಗೆ ಕೊಟ್ಟಳು. ಅವರು ಎರಡು ಸಲ ಓದಿದರು.

"ಇದು ಬೇಕಾ ಮೇಡಂ? ನಿಮ್ಮನ್ನ ಆ ಕೋಣೆಯಿಂದ ತೆಗೀಬಹುದು."

"ಬಂದೋರಿಗೆಲ್ಲ ಕೂತ್ಕೊ, ನಿಜ ಹೇಳು ಅಂತೀನಿ ಸಾರ್. ನಾನು ಮಾತ್ರ ನಿಂತೇ ಇದ್ರೆ ಹೆಂಗೆ?"

ಕೋಣೆಯಿಂದ ತೆಗೆಯಲಿಲ್ಲ. ಮೇಲಿನ ಕಚೇರಿಯಿಂದ ಖಡಕ್ಕಾದ ಎಚ್ಚರಿಕೆ ಪತ್ರವೊಂದು ಬಂತು. ಹಾಲಣ್ಣನಿಗೂ ಒಂದು ಬಂತು. ಜೊತೆಗೆ, ವೈದ್ಯರು ಬರೆದುಕೊಡುವವರೆಗೆ ಸ್ಟಿಯರಿಂಗ್ ಮುಟ್ಟುವಂತಿಲ್ಲ ಎಂಬ ಆದೇಶ. ಅವನು ನಲವತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದ. ಬಂದ ಎರಡನೆಯ ತಿಂಗಳು ಒಮ್ಮೆ ಜಾರಿದ. ಹೆಂಡತಿ ಅತ್ತು ಓಡಿಬಂದಳು. ಮತ್ತೆ ಹನ್ನೆರಡು ದಿನ ಆಸ್ಪತ್ರೆ. ಈಗ ಟೈರ್ ವಿಭಾಗದಲ್ಲಿ ಗಾಳಿ ತುಂಬುತ್ತಾನೆ. ಹೊರಡುವ ಬಸ್ಸುಗಳನ್ನು ನೋಡುತ್ತ ನಿಲ್ಲುತ್ತಾನೆ ಕೆಲವು ಸಲ. ಆಗ ಅವನ ಬಲಗಾಲು ಸುಮ್ಮನೆ ನೆಲವನ್ನು ಒತ್ತುತ್ತಿರುತ್ತದೆ.

ಪ್ರತಿ ಬುಧವಾರ ಹಿಂದಿನ ಕೋಣೆಗೆ ಬರುತ್ತಾನೆ. ಹೋದ ವಾರ ಬಂದಾಗ ಕೈಯಲ್ಲಿ ನಡುಕ ಅಷ್ಟಿರಲಿಲ್ಲ. ಡಬ್ಬಿ ಒರೆಸುವ ಬಟ್ಟೆಯನ್ನು ತಾನೇ ಎತ್ತಿಕೊಂಡು, ತಲೆ ತಗ್ಗಿಸಿ ಹೇಳಿದ:

"ಅಕ್ಕ, ರಿಜಿಸ್ಟರಲ್ಲಿ ಬರ್ಕೊ. ಕಳೆದ ವಸ್ತು, ಒಂದು ನಾಯಿ."

ಅವಳು ನಿಜವಾಗಿಯೂ ಪೆನ್ನು ತೆಗೆದಳು. "ಬಣ್ಣ?"

"ಕಂದು."

"ಗುರುತು?"

"ಒಂದು ಕಿವಿ ಹರಿದಿದೆ ಅಂತ ನೀನೇ ಹೇಳಿದ್ಯಲ್ಲ."

ಹೊರಗೆ ಗಾಡಿ ತೊಳೆಯುತ್ತಿದ್ದವನು, ಈ ಇಬ್ಬರು ಯಾಕೆ ಹೀಗೆ ಬಿದ್ದು ಬಿದ್ದು ನಗುತ್ತಿದ್ದಾರೆಂದು ಕಿಟಕಿಯಲ್ಲಿ ಇಣುಕಿದ. ಡಬ್ಬಿ ಹುಡುಕುತ್ತಿದ್ದಾರೆ ಅಷ್ಟೇ ಎಂದುಕೊಂಡು ಮತ್ತೆ ನೀರು ಬಿಟ್ಟ.